ಗೇಟಿನ ಮುನಿಶಾಮಪ್ಪನ ಮಗಳ ನಿದ್ದೆ

ಬೆಳಕು ಹರಿಯುತ್ತಿದೆ. ಕೊಡಿಗೇಹಳ್ಳಿ ಪಕ್ಕದ ರೈಲು ಗೇಟಿನಲ್ಲಿ ಮುನಿಶಾಮಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದಾರೆ. ಯಶವಂತಪುರದ ಕಡೆಯಿಂದ ಬಂದ ಗೂಡ್ಸ್ ರೈಲು ಕಿವಿ ಕಿತ್ತುಹೋಗುವಂತೆ ಕೂಗಿ, ಹೊಗೆಯುಗುಳುತ್ತ ದಾಟುತ್ತದೆ. ಅವರು ಗೇಟು ತೆರೆದೊಡನೆ ಪೇಟೆಗೆ ಹೊರಟ ಸೊಪ್ಪಿನ ಗಾಡಿಗಳು ಮುಂದೆ ಸಾಗುತ್ತವೆ. ಗೇಟು ತೆಗೆದವರತ್ತ ಯಾರೂ ತಿರುಗಿ ನೋಡುವುದಿಲ್ಲ. ತಡವಾದರೆ ಮಾತ್ರ ಬೈಗುಳಕ್ಕೆ ಬರವಿಲ್ಲ.

ಹಳಿಯ ಪಕ್ಕದಲ್ಲೇ ಅವರ ಒಂದು ಕೋಣೆಯ ಮನೆ. ಗೂಟದಲ್ಲಿ ಪುಟ್ಟ ಲಂಗವೊಂದು ನೇತಾಡುತ್ತಿದೆ. ಅದನ್ನು ತೊಡುವವಳು ಇಲ್ಲಿಲ್ಲ. ಈಗ ಅದು ಅವಳ ಅಳತೆಗೆ ಸಾಲುವುದೂ ಇಲ್ಲ. ಮುನಿಶಾಮಪ್ಪ ತಾವೇ ಮುದ್ದೆ ತಿರುವಿ, ಒಬ್ಬರೇ ಕೂತು ಉಣ್ಣುತ್ತಾರೆ. ಅವರ ಕತೆ ಬರೆಯಲು ಬಂದ ನಾನು ಬಾಗಿಲಲ್ಲಿ ಕೂತು ನೋಡುತ್ತೇನೆ.

ಚೀನಾ ಯುದ್ಧದ ವರ್ಷ ಮಗಳು ಕೆಂಪಮ್ಮನಿಗೆ ಐದು ತುಂಬಿತ್ತು. ರೈಲಿನ ಪ್ರತಿ ಕೂಗಿಗೂ ಬೆಚ್ಚಿ ಏಳುತ್ತಿದ್ದಳು. ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಇನ್ನೊಂದು ರೈಲು. ತಿಂಗಳುಗಟ್ಟಲೆ ಹೀಗೇ ನಡೆದು ಮಗು ಸೊರಗಿತು. ಊಟ ಸೇರದು, ಮೇಲಿಂದ ಮೇಲೆ ಜ್ವರ, ಮಾತಾಡಿಸಿದರೆ ಸಿಡುಕು. ಜೊತೆಯ ಮಕ್ಕಳನ್ನು ಕಚ್ಚುತ್ತಿದ್ದಳು. ಸ್ಲೇಟಿನ ಮೇಲೆ ತಲೆಯಿಟ್ಟು ತೂಕಡಿಸುವುದನ್ನು ಕಂಡು ಮೇಷ್ಟ್ರು ದಡ್ಡಿ ಎಂದರು, ಊರವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಕೊನೆಗೆ ಯಲಹಂಕದ ಡಾಕ್ಟರೊಬ್ಬರು, ಮಗುವಿಗೆ ಬೇರೆ ರೋಗವೇನೂ ಇಲ್ಲ, ನಿದ್ದೆಗೆಟ್ಟೇ ಇಷ್ಟೆಲ್ಲ ಆಗಿದೆ ಎಂದರು.

“ಮದ್ದು ಕೊಡ್ತಾರೆ ಅಂತ ಓಗಿದ್ರೆ, ನಿದ್ದೆ ಮಾಡ್ಸಪ್ಪ ಅಂದ್ರು. ಅದು ಯಾವ ಅಂಗಡೀಲಿ ಸಿಗ್ತದೆ ಸ್ವಾಮಿ?” ಎನ್ನುತ್ತಾರೆ ಮುನಿಶಾಮಪ್ಪ.

ಸುದ್ದಿ ಗೂಡ್ಸ್ ರೈಲಿನ ಡ್ರೈವರ್ ಮುಕ್ತಾರ್ ಅವರ ಕಿವಿಗೂ ಬಿತ್ತು. ಅವರೂ ಮಕ್ಕಳೊಂದಿಗರು. ಒಂದು ಬೆಳಗ್ಗೆ, ಮಗು ಮಲಗಲಿ ಎಂದು, ಗೇಟಿನ ಬಳಿ ರೈಲು ಕೂಗಿಸದೆಯೇ ಬಂದುಬಿಟ್ಟರು. ಗೂಡ್ಸಿಗೆ ಹೊತ್ತುಗೊತ್ತಿಲ್ಲ, ಕೂಗು ಕೇಳಿದ ಮೇಲೆಯೇ ಇಲ್ಲಿ ಗೇಟು ಹಾಕುವುದು. ಅಂದು ಗೇಟು ತೆರೆದೇ ಇತ್ತು, ಅಕ್ಕಯ್ಯಮ್ಮ ಎಂಬ ಮುದುಕಿಯ ಮೂಲಂಗಿ ಗಾಡಿ ಹಳಿಯ ಮೇಲಿತ್ತು. ಮುನಿಶಾಮಪ್ಪ ಓಡಿಹೋಗಿ ಎತ್ತುಗಳನ್ನು ಎಳೆದರು. ಗಾಡಿ ಕೂದಲೆಳೆಯಲ್ಲಿ ಪಾರಾಯಿತು, ಮೂಲಂಗಿಯೆಲ್ಲ ಹಳಿಯ ಪಾಲಾಯಿತು. ಕೂಗಿಲ್ಲದ ಆ ಬೆಳಗ್ಗೆ ಕೆಂಪಮ್ಮ ಮಾತ್ರ ಒಳಗೆ ಹಾಯಾಗಿ ಮಲಗಿಯೇ ಇದ್ದಳು.

ಮುಕ್ತಾರ್ ಈಗ ನಿವೃತ್ತರು. ಇದನ್ನು ಮುಚ್ಚಿಡದೆ ಬರೆಯಿರಿ ಎಂದವರೂ ಅವರೇ. ಗಾಡಿ ಪಾರಾದ ಮರುದಿನ ಅವರು ಗೇಟಿಗೆ ಬಂದು ಕಣ್ಣೀರಿಟ್ಟಾಗ ಮುನಿಶಾಮಪ್ಪ ಬೈಯಲಿಲ್ಲವಂತೆ. “ನೀವು ಕೂಗ್ಸಿ ಸಾಹೇಬ್ರೆ. ನನ್ ಮಗ್ಳನ್ನ ನಾನೇ ದೂರ ಇಡ್ತೀನಿ,” ಎಂದರಂತೆ.

ಅಂದೇ ಹೆಂಡತಿ ದ್ರೌಪದಮ್ಮ ಮಗಳನ್ನು ಕರೆದುಕೊಂಡು ಮಾಕಳಿಯ ತವರಿಗೆ ಹೊರಟರು. ಅಲ್ಲಿಗೆ ರೈಲಿನ ಸದ್ದು ಮುಟ್ಟದು. ಈಗ ಕೆಂಪಮ್ಮ ಮೈಕೈ ತುಂಬಿಕೊಂಡಿದ್ದಾಳೆ, ಮಗ್ಗಿ ಒಪ್ಪಿಸುತ್ತಾಳೆ, ಯಾರನ್ನೂ ಕಚ್ಚುವುದಿಲ್ಲ.

ರಜೆ ಸಿಕ್ಕಾಗ ಮುನಿಶಾಮಪ್ಪ ಮಾಕಳಿಗೆ ಹೋಗಿಬರುತ್ತಾರೆ. ಅಲ್ಲಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಲ್ಲ ಎಂದು ಕೇಳುತ್ತೇನೆ. ಅವರು ಬಾವುಟ ಸುತ್ತುತ್ತ ತಲೆಯಾಡಿಸುತ್ತಾರೆ.

“ಎಲ್ಲಿ ಬಂತು ಸ್ವಾಮಿ. ರೈಲು ಕೂಗ್ದೆ ಇದ್ರೆ ನಂಗೆ ಕಣ್ಣೇ ಅತ್ತಲ್ಲ. ಸುಮ್ನೆ ಎದ್ದು ಕೂತ್ಕೊಂಡು, ಅವ್ಳು ಮಲ್ಗಿರೋದ್ನ ನೋಡ್ತಾ ಇರ್ತೀನಿ.”