ಹಲ್ಲಕ್ಕ ಕೊಂಡ ಕಂಪ್ಯೂಟರ್

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ, ಒಲೆ ಹಚ್ಚುವ ಮೊದಲೇ, ಅವಳು ಒಂದು ಚಿತ್ರ ಬರೆಯುತ್ತಾಳೆ. ಔಷಧ ಕಂಪನಿಯವರು ಕ್ಲಿನಿಕ್ಕಿಗೆ ಕೊಟ್ಟುಹೋಗುವ ಪುಟ್ಟ ಪ್ಯಾಡಿನ ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ, ಒಂದು ಹಕ್ಕಿ. ರೆಕ್ಕೆ ನಿನ್ನೆಯದಕ್ಕಿಂತ ಕೂದಲೆಳೆಯಷ್ಟು ಮೇಲೆ. ಜ್ವರ ಬಂದ ದಿನವೂ ಬರೆದಿದ್ದಾಳೆ, ಅಪ್ಪ ತೀರಿಕೊಂಡ ದಿನವೂ ಬರೆದಿದ್ದಾಳೆ. ಪ್ಯಾಡು ತುಂಬಿದ ಮೇಲೆ ಹಾಳೆಗಳನ್ನು ಸರಸರನೆ ಬಿಟ್ಟರೆ ಹಕ್ಕಿ ಹಾರುತ್ತದೆ. ಎರಡು ತಿಂಗಳ ಕೆಲಸ ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಹಲ್ಲಿನ ಡಾಕ್ಟರಮ್ಮನ ಬಳಿ ಅವಳು ಇಪ್ಪತ್ತು ವರ್ಷದಿಂದ ಸಹಾಯಕಿ. ಇಕ್ಕಳಗಳನ್ನು ತೊಳೆದು ಕುದಿಸುವುದು, ಬಾಯಿ ತೆರೆದುಕೊಂಡೇ ಅಳುವ ಮಕ್ಕಳ ಕೈ ಹಿಡಿದು ನಿಲ್ಲುವುದು ಅವಳ ಕೆಲಸ. ಬೀದಿಯ ಮಕ್ಕಳಿಗೆ ಅವಳು ಹಲ್ಲಕ್ಕ. ಆ ತಿಂಗಳ ಕೊನೆಗೆ ಡಾಕ್ಟರಮ್ಮ ಕ್ಲಿನಿಕ್ ಮುಚ್ಚುವವರಿದ್ದರು. ಅದೇ ಹೊತ್ತಿಗೆ ಮಕ್ಕಳ ಪಾಠಗಳಿಗೆ ಆನಿಮೇಶನ್ ಮಾಡುವ ಸ್ಟುಡಿಯೋವೊಂದು ಮನೆಯಲ್ಲೇ ಕೂತು ಕೆಲಸ ಮಾಡುವವರನ್ನು ಹುಡುಕುತ್ತಿತ್ತು. ಮೂವತ್ತು ಸೆಕೆಂಡಿನ ಒಂದು ಕತೆ ಮಾಡಿ, ಅಲ್ಲಿಂದ ಮೂರನೆಯ ಸೋಮವಾರ ಬೆಳಿಗ್ಗೆ ಹತ್ತರೊಳಗೆ ತಂದುಕೊಡಬೇಕು. ಮೆಚ್ಚಿಗೆಯಾದರೆ ಕೆಲಸ. ನಲವತ್ತೊಂದನೆಯ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ?

ಕಂಪ್ಯೂಟರಿಗಾಗಿ ಅವಳು ಮಾಡಿದ ಪಟ್ಟಿಯನ್ನು ಪಕ್ಕದ ಮನೆಯಲ್ಲಿರುವ ನಾನೂ ನೋಡಿದ್ದೇನೆ. ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿ ನೋಡಿ ಕಲಿತು, ಪೆನ್ಸಿಲಿನಲ್ಲಿ ಬರೆದದ್ದು. ಪರದೆಗೆ ಚಿತ್ರ ಕಳಿಸುವ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಕೆಟ್ಟರೂ ಪರದೆ ಕುರುಡಾಗಬಾರದು. ಮೆಮೊರಿ ಮೂವತ್ತೆರಡು ಜಿಬಿ. ಗ್ರಾಫಿಕ್ಸ್ ಕಾರ್ಡು ಸಣ್ಣದಾದರೂ ಹೊಸದು. ಡಬ್ಬಿ ಯಾವುದಾದರೂ ಸರಿ, ಒಳಗೆ ಗಾಳಿ ಆಡಬೇಕು. ಕೂಡಿಟ್ಟ ಹಣಕ್ಕೆ ಅಷ್ಟೂ ಬರುತ್ತಿತ್ತು.

ಪಟ್ಟಿ ಹಿಡಿದು ಅವಳು ಹೋದದ್ದು ಸ್ವಂತ ತಮ್ಮನ ಅಂಗಡಿಗೆ. ಅವನು ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ಮಾರುತ್ತಾನೆ, ಗಿರಾಕಿ ಇಲ್ಲದಾಗ ಕಾರ್ ರೇಸಿನ ಆಟ ಆಡುತ್ತಾನೆ.

“ಏನಕ್ಕಾ ಇದು, ಮದುವೆ ಸಾಮಾನಿನ ಪಟ್ಟಿನಾ?” ಎಂದು ಅವನು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಓದಿದ. “ಪ್ರೊಸೆಸರ್ ಅಂತೆ, ಕುರುಡಂತೆ! ನೀನು ಹಲ್ಲು ತೊಳಿ, ಇದನ್ನ ನನಗೆ ಬಿಡು. ಗೇಮ್ ಓಡೋ ಮಷೀನಲ್ಲಿ ಆನಿಮೇಶನ್ ಓಡಲ್ವಾ?”

“ಬರೆದಿದ್ದನ್ನೇ ಹಾಕೋ. ಬಿಲ್ಲೂ ಬೇಕು.”

“ಅಮ್ಮಾ, ಕೇಳಿಸ್ಕೊಂಡ್ಯಾ?” ಅವನು ಅಲ್ಲಿಂದಲೇ ತಾಯಿಗೆ ಫೋನು ಹಚ್ಚಿದ. “ನಿನ್ನ ಮಗಳು ನನ್ನ ಹತ್ರ ಬಿಲ್ಲು ಕೇಳ್ತಿದ್ದಾಳೆ.”

ತಾಯಿಯ ದನಿ ಅಂಗಡಿಯಿಡೀ ಕೇಳಿತು. “ಒಡಹುಟ್ಟಿದವನ ಹತ್ರ ಬಿಲ್ಲು ಕೇಳ್ತೀಯೇನೇ? ನಾಲ್ಕು ಜನ ಕೇಳಿದ್ರೆ ಏನಂದಾರು!”

ಆ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಬಿಲ್ಲು ಕೇಳಿದವರಲ್ಲ. ಅವಳ ಮುಖ ಕೆಂಪಾಯಿತು. ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು, ಕೂಡಿಟ್ಟ ಹಣ ಎಣಿಸಿ ಕೊಟ್ಟು ಬಂದಳು.

ಮರುದಿನ ಬಂದ ಕಂಪ್ಯೂಟರಿಗೆ ಗಾಜಿನ ಬಾಗಿಲು, ಬಣ್ಣ ಬದಲಿಸುವ ಏಳು ದೀಪ. ಅಂಗಡಿಯಲ್ಲಿ ವರ್ಷದಿಂದ ಧೂಳು ತಿನ್ನುತ್ತಿದ್ದ ಡಬ್ಬಿ ಅದು. ಮೆಮೊರಿ ಅರ್ಧ. ಪ್ರೊಸೆಸರ್ ಕಾರ್ಡಿಲ್ಲದೆ ಏನನ್ನೂ ತೋರಿಸದಂಥದ್ದು. ತಮ್ಮ ಅವಳ ಕುರ್ಚಿಯಲ್ಲೇ ಕೂತು ಹತ್ತು ನಿಮಿಷ ರೇಸ್ ಆಡಿ, “ನೋಡು, ಬೆಣ್ಣೆ ಥರ ಓಡ್ತಿದೆ” ಎಂದು ಎದ್ದುಹೋದ.

ಬೀಳಲು ಒಪ್ಪದೆ ನಾಲಿಗೆಯ ಹಿಂದೆ ಅಡಗುವ ಒಂದು ಹಾಲುಹಲ್ಲಿನ ಕತೆ ಅವಳು ಮಾಡಿದ್ದು. ಎರಡೂವರೆ ವಾರ ಬೆಳಿಗ್ಗೆ ಸಂಜೆ ಕೂತಳು. ಹಲ್ಲಿಗೆ ಕಣ್ಣು ಕೊಟ್ಟಳು, ಹೆದರಿಕೆ ಕೊಟ್ಟಳು. ಉಳಿದದ್ದು ಕೊನೆಯ ಹಂತ: ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಏಳುನೂರ ಇಪ್ಪತ್ತು ಚಿತ್ರಗಳನ್ನು ಕಂಪ್ಯೂಟರ್ ತಾನೇ ಒಂದೊಂದಾಗಿ ಬೆಳಕು ನೆರಳು ತುಂಬಿ ಸಿದ್ಧಮಾಡುವುದು. ಭಾನುವಾರ ಬೆಳಿಗ್ಗೆ ಕೈಮುಗಿದು ಶುರುಮಾಡಿದಳು. ದೇವರು ಕೇಳಿಸಿಕೊಂಡೇ ಇರುತ್ತಾನೆ. ಉತ್ತರ ಮಾತ್ರ ಬರಲಿಲ್ಲ.

ಇಪ್ಪತ್ತೈದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಒಳಗಿನ ಬಿಸಿ ಆರಿದ ಮೇಲೆ ಮತ್ತೆ ಹಚ್ಚಿದಳು, ಮತ್ತೆ ಕಪ್ಪಾಯಿತು. ಗಾಜಿನ ಬಾಗಿಲು ಕಳಚಿ ಟೇಬಲ್ ಫ್ಯಾನ್ ಇಟ್ಟಳು. ರಟ್ಟಿನಿಂದ ಬೀಸುತ್ತಾ ಕೂತಳು. ತಮ್ಮನಿಗೆ ಹನ್ನೊಂದು ಸಲ ಫೋನು ಮಾಡಿದಳು, ಅವನು ಎತ್ತಲಿಲ್ಲ. ತಾಯಿ ಬಾಗಿಲಲ್ಲಿ ನಿಂತು, “ಈ ವಯಸ್ಸಲ್ಲಿ ಗೊಂಬೆ ಆಟ ಬೇಕಿತ್ತಾ? ಭಾನುವಾರವಾದ್ರೂ ಅವನನ್ನ ನೆಮ್ಮದಿಯಾಗಿರೋಕೆ ಬಿಡು” ಎಂದರು.

ಸಂಜೆಗೆ ಕಾರ್ಡು ಪೂರ್ತಿ ಸತ್ತಿತು. ಹದಿನೇಳು ಸೆಕೆಂಡಿನ ಚಿತ್ರಗಳು ಒಳಗೆ ಉಳಿದಿದ್ದವು, ನೋಡಲು ಪರದೆಯಿರಲಿಲ್ಲ. ಅವಳು ಸ್ಕ್ರೂ ಬಿಚ್ಚಿ ಕಾರ್ಡನ್ನು ಹೊರಗೆಳೆದು ತಿರುಗಿಸಿದಳು. ಕೆಳಮುಖವಾಗಿದ್ದ ಫ್ಯಾನಿನ ಪಕ್ಕ ಒಂದು ಬಿಳಿ ಟೇಪು. ಅದರ ಮೇಲೆ ತಮ್ಮನ ಕೈಬರಹ: ‘ಬಿಸಿಯಾದ್ರೆ ಆಫ್. ಗಿರಾಕಿ ವಾಪಸ್ ಕೊಟ್ಟಿದ್ದು.’

ಸೋಮವಾರ ಬೆಳಿಗ್ಗೆ ಒಳಗಿನ ಡಿಸ್ಕನ್ನು ಬಿಚ್ಚಿಕೊಂಡು ಹೋಗಿ, ಡಾಕ್ಟರಮ್ಮನ ಕಂಪ್ಯೂಟರಿಗೆ ಸಿಕ್ಕಿಸಿ, ಆ ಹದಿನೇಳು ಸೆಕೆಂಡನ್ನು ಜೋಡಿಸಿಕೊಂಡು ಸ್ಟುಡಿಯೋಗೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಎರಡು ಸಲ ನೋಡಿ ಎರಡು ಸಲವೂ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹಲ್ಲು ಮುದ್ದಾಗಿದೆ. ಆದ್ರೆ ಕೇಳಿದ್ದು ಮೂವತ್ತು. ಇನ್ನೊಬ್ಬರು ಪೂರ್ತಿ ತಂದಿದ್ದಾರೆ” ಎಂದರು.

ಮಧ್ಯಾಹ್ನ ಮನೆಗೆ ತಮ್ಮ ಬಂದ. ಕೈಯಲ್ಲಿ ಹೊಸ ಕಾರ್ಡಿನ ಡಬ್ಬಿ. ಮೇಜಿನ ಮೇಲಿದ್ದ ಹಳೆಯ ಕಾರ್ಡಿನ ಬಿಳಿ ಟೇಪನ್ನು ನೋಡಿದ, ನೋಡದವನಂತೆ ಕೂತ.

“ಆವತ್ತು ಆಡಿ ನೋಡಿದ್ನಲ್ಲ, ಚೆನ್ನಾಗೇ ಇತ್ತು.”

“ಹತ್ತೇ ನಿಮಿಷಕ್ಕೆ ಯಾಕೆ ಎದ್ದೆ?” ಎಂದಳು ಅವಳು. “ಅಂಗಡಿಯಲ್ಲಿ ಕೂತ್ರೆ ಎರಡು ಗಂಟೆ ಏಳಲ್ಲ ನೀನು.”

ಅವನು ಡಬ್ಬಿಯ ಮೂಲೆ ಕೆರೆಯುತ್ತಾ ಕೂತ. ತಾಯಿ ಅವನಿಗೆ ನೀರು ತಂದುಕೊಟ್ಟರು.

“ಹೋಗ್ಲಿ ಬಿಡಕ್ಕಾ. ಆ ಸ್ಟುಡಿಯೋ ಮಷೀನೆಲ್ಲ ನನ್ನ ಹತ್ರಾನೇ ರಿಪೇರಿಗೆ ಬರೋದು. ಯಜಮಾನರು ನನ್ನ ಮಾತು ತೆಗೆದುಹಾಕಲ್ಲ. ಒಂದು ಫೋನ್ ಹಾಕಿದ್ರೆ ಇನ್ನೊಂದು ವಾರ ಕೊಡ್ತಾರೆ. ಹಾಕ್ಲಾ?” ಅವನ ಹೆಬ್ಬೆರಳು ಆಗಲೇ ನಂಬರು ಹುಡುಕುತ್ತಿತ್ತು.

“ಬೇಡ.”

“ಹುಚ್ಚಿ ಥರ ಆಡ್ಬೇಡ. ಕ್ಲಿನಿಕ್ಕೂ ಮುಚ್ಚುತ್ತೆ, ಇದೂ ಹೋಗುತ್ತೆ. ಆಮೇಲೆ ಏನ್ಮಾಡ್ತೀಯ?”

“ಗೊತ್ತಿಲ್ಲ. ಆದ್ರೆ ನಿನ್ನ ಬಾಯಿಂದ ಸಿಕ್ಕಿದ ಕೆಲಸ ನನಗೆ ಬೇಡ. ಫೋನು ಜೇಬಿಗೆ ಹಾಕ್ಕೋ,” ಎಂದು ಅವಳು ಹೊಸ ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು. “ಇದನ್ನೂ ತಗೊಂಡು ಹೋಗು.”