ಬಾತೋಮಾ ಬಾಯಿ ಕಟ್ಟಿದ ನಾಲ್ಕು ದಿನ

ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ಮಾತು ಹೊರುವುದು ನಮ್ಮ ಟುಂಕಾರಾ ಮನೆತನದ ಕುಲಕಸುಬು. ಹಿಂದೆ ನಮ್ಮವರು ಅರಸರ ಮಾತನ್ನು ಊರಿಗೆ, ಊರಿನ ಮಾತನ್ನು ಅರಸರಿಗೆ ಮುಟ್ಟಿಸುತ್ತಿದ್ದರು. ನಾನು ನಮ್ಮ ರಾಜಧಾನಿ ಬಮಾಕೊದಲ್ಲಿ ಎದ್ದು ನಿಲ್ಲುತ್ತಿದ್ದ ದೊಡ್ಡ ರಾಯಭಾರ ಕಚೇರಿಯಲ್ಲಿ ಪರದೇಶದ ಸಾಹೇಬರ ಮಾತನ್ನು ಕೆಲಸಗಾರರಿಗೆ ಮುಟ್ಟಿಸುತ್ತಿದ್ದೆ. ಅಂಥವನು ಒಂದು ಮಧ್ಯಾಹ್ನ ಎರಡೇ ನಿಮಿಷದಲ್ಲಿ ಮನೆತನದ ಮಾನ ಕಳೆದೆ.

ಆದರೆ ಇದು ನನ್ನ ಕಥೆಯಲ್ಲ, ವೆಲ್ಡರ್ ಬಾತೋಮಾ ಬಾಲೋಳದು.

ಬಾತೋಮಾ ಕಮ್ಮಾರರ ಮಗಳು. ಕಮ್ಮಾರರ ಮನೆಯಲ್ಲಿ ಗಂಡಸರಿಗೆ ಕಬ್ಬಿಣ, ಹೆಂಗಸರಿಗೆ ಮಣ್ಣು. ಅಪ್ಪ ತಿದಿ ಒತ್ತಿದರೆ ಅಮ್ಮ ಮಡಕೆ ತಟ್ಟಬೇಕು. ಹತ್ತು ವರ್ಷದ ಬಾತೋಮಾ ಇಕ್ಕಳಕ್ಕೆ ಕೈ ಹಾಕಿದಾಗ ಅಪ್ಪ, "ಬೆಂಕಿ ಹೆಣ್ಣಿನ ಕೆಲಸ ಅಲ್ಲ ಕಣೇ," ಅಂದನಂತೆ. "ಹಂಗಾದ್ರೆ ಅಮ್ಮ ಮಡಕೆ ಸುಡೋದು ಬೆಳದಿಂಗಳಲ್ಲೇನು?" ಅಂತ ಇವಳು ಕೇಳಿದಳಂತೆ. ಒದೆ ಬಿತ್ತು, ಆಸೆ ಹೋಗಲಿಲ್ಲ. ಹತ್ತೊಂಬತ್ತಕ್ಕೆ ಬಮಾಕೊಗೆ ಬಂದು ಮೆದೀನಾ ಸಂತೆಯ ಗುಜರಿ ಸಾಲಿನಲ್ಲಿ ಸೋದರಮಾವನ ವೆಲ್ಡಿಂಗ್ ಶೆಡ್ಡು ಸೇರಿದಳು. ಹಳೇ ಡ್ರಮ್ಮು ಬಡಿದು ಒಲೆ ಮಾಡಿದಳು, ಮಂಚ ಮಾಡಿದಳು, ಅರ್ಧ ಊರಿಗೆ ಗೇಟು ಮಾಡಿದಳು. ನಲವತ್ತನಾಲ್ಕಕ್ಕೆ ಅವಳ ಬೆಸುಗೆ ಎಂಥದ್ದಾಗಿತ್ತೆಂದರೆ, ಬೆರಳಾಡಿಸಿದರೆ ಜೋಡಿಸಿದ ಜಾಗ ಸಿಗುತ್ತಿರಲಿಲ್ಲ.

ರಾಯಭಾರ ಕಚೇರಿಯ ಪಡುವಣ ಮುಖಕ್ಕೆ ಬಿಸಿಲು ತಡೆಯಲು ಮೂರು ಮಹಡಿ ಎತ್ತರದ ಉಕ್ಕಿನ ಜಾಲಂದ್ರ ಬೇಕಿತ್ತು, ಹನ್ನೆರಡು ತುಂಡುಗಳಲ್ಲಿ. ಪರದೇಶದ ನಕ್ಷೆಯಲ್ಲಿ ಬರೀ ಚೌಕದ ಮೇಲೆ ಚೌಕ. ಬಾತೋಮಾ ಅದನ್ನು ನೋಡಿ, "ಇದೇನು, ಕೋಳಿಗೂಡಾ?" ಅಂದಳು. ಆಮೇಲೆ ಸೀಮೆಸುಣ್ಣ ತಗೊಂಡು, ಅವಳ ಅಮ್ಮ ಹಸಿ ಮಡಕೆಯ ಕೊರಳಿಗೆ ಗೀರುತ್ತಿದ್ದ ಗೆರೆಗಳನ್ನು ನೆಲದ ಮೇಲೆ ಎಳೆದು ತೋರಿಸಿದಳು. ನಕ್ಷೆಯವನು ಬಗ್ಗಿ ನೋಡಿದ, ಸುತ್ತು ಹಾಕಿ ನೋಡಿದ, ಫೋಟೋ ಹಿಡಿದ. ತಿಂಗಳೊಪ್ಪತ್ತಿನಲ್ಲಿ ಹೊಸ ನಕ್ಷೆ ಬಂತು. ಅದರಲ್ಲಿ ಇದ್ದದ್ದು ಅಮ್ಮನ ಗೆರೆ. ಆ ದಿನ ಬಾತೋಮಾ ನಡೆದಾಡಲಿಲ್ಲ, ತೇಲಾಡಿದಳು. ಹನ್ನೊಂದು ತುಂಡು ಒಂದರ ಪಕ್ಕ ಒಂದು ಕೂತವು. ಹನ್ನೆರಡನೆಯದನ್ನು ಶನಿವಾರ ಏರಿಸಿ, ಮೇಲಿನ ಕಡೇ ಬೆಸುಗೆ ಅವಳೇ ಹಾಕಬೇಕು. ಅದನ್ನು ನೋಡಲು ಅವಳ ಅಮ್ಮ ಹಳ್ಳಿಯಿಂದ ಹೊರಟು ಬರುವುದೆಂದೂ ಗೊತ್ತಾಗಿತ್ತು.

ಇನ್ನು ದೆಂಬಾ ಸಂಗಾರೆ. ಕಾಂಕ್ರೀಟ್ ಗುಂಪಿನ ಮೇಸ್ತ್ರಿ, ತಲೆ ನರೆತವನು, ಜಾತಿಯಲ್ಲಿ ಫುಲಾನಿ, ಅಂದರೆ ದನ ಕಾಯುವವರ ಕುಲ. ಹುಟ್ಟಿದಾಗಿನಿಂದ ಒಂದು ಹಸುವನ್ನೂ ಮುಟ್ಟಿದವನಲ್ಲ, ಆ ಮಾತು ಬೇರೆ. ಫುಲಾನಿಗೂ ಕಮ್ಮಾರನಿಗೂ ಮುತ್ತಜ್ಜರ ಕಾಲದಿಂದ ಬೈಗುಳದ ನಂಟು. ಎದುರಾದರೆ ಬೈಯಲೇಬೇಕು. ಬೈಸಿಕೊಂಡವನು ಸಿಟ್ಟಾಗುವ ಹಾಗಿಲ್ಲ, ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲ ಅನ್ನುವ ಹಾಗಿಲ್ಲ. ದಿನಾ ಊಟದ ಹೊತ್ತಿಗೆ ಇವರಿಬ್ಬರ ಜಗಳ ಕೇಳಲು ಜನ ಅನ್ನದ ಬೋಗುಣಿ ಹಿಡಿದು ಹತ್ತಿರ ಸರಿದು ಕೂರುತ್ತಿದ್ದರು.

ಆ ಮಂಗಳವಾರವೂ ಹಾಗೇ. ಶೇಂಗಾ ಸಾರಿನ ಘಮ ಎದ್ದಿತ್ತು.

"ಲೇ ದನಗಳ್ಳ," ಅಂದಳು ಬಾತೋಮಾ. "ನಿನ್ನಜ್ಜನ್ನ ನಮ್ಮಜ್ಜ ಒಂದು ಮುರುಕು ಗುದ್ದಲಿ ಕೊಟ್ಟು ಕೊಂಡುಕೊಂಡಿದ್ದು. ಮೊದ್ಲು ನಿನ್ನ ಒಡತಿಗೆ ನೀರು ತಂದುಕೊಡು."

"ಮಸಿ ಮೂತಿಯವಳೆ, ಆ ಗುದ್ದಲಿನೂ ನಮ್ಮ ಮನೇಲಿ ಕದ್ದಿದ್ದೇ," ಅಂದ ದೆಂಬಾ, ನೀರು ತರಲು ಏಳುತ್ತಾ.

ಸುರಕ್ಷಾ ಅಧಿಕಾರಿ ಕೋಲ್ಟರ್ ಸಾಹೇಬರು ಅದೇ ಹೊತ್ತಿಗೆ ಅಲ್ಲಿ ಹಾದರು. ಬಂದು ಇನ್ನೂ ಮೂರು ವಾರವಾಗಿರಲಿಲ್ಲ. ಆಕೆ ಏನು ಅಂದಳು ಅಂತ ನನ್ನನ್ನು ಕೇಳಿದರು. ಬಾಯಲ್ಲಿ ತುತ್ತಿತ್ತು, ತಲೆಯಲ್ಲಿ ಬುದ್ಧಿ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ: ಈತ ದನಗಳ್ಳ, ಈತ ಇವಳು ಕೊಂಡುಕೊಂಡ ಆಳು.

ಅವರ ಮುಖ ಸುಣ್ಣದ ಗೋಡೆಯಾಯಿತು. ಮನುಷ್ಯರನ್ನು ಕೊಂಡು ಮಾರಿದ ಪಾಪ ಅವರ ದೇಶದ ತಲೆಯ ಮೇಲೂ ಇದೆ, ಆ ಮಾತು ಅವರ ಎದೆಗೇ ಹೊಡೆದಿರಬೇಕು. ನಾನು ನೀರು ಕುಡಿದು ಬಾಯಿ ಬಿಡುವಷ್ಟರಲ್ಲಿ ಬಾತೋಮಾಳನ್ನು ಒಳಗೆ ಬಿಡುವ ಕಾರ್ಡು ಅವರ ಜೇಬು ಸೇರಿತ್ತು. ಬುಧವಾರ ವಿಚಾರಣೆ. ಸಾಬೀತಾದರೆ ಅವಳು ಆ ಗೇಟಿನೊಳಗೆ ಮತ್ತೆ ಕಾಲಿಡುವ ಹಾಗಿಲ್ಲ. ಕಡೇ ತುಂಡನ್ನು ಬೇರೆ ಯಾರಾದರೂ ಬೆಸೆಯುತ್ತಾರೆ.

ವಿಚಾರಣೆಯಲ್ಲಿ ಸಾಹೇಬರು ದೆಂಬಾನನ್ನು ಮೆಲುದನಿಯಲ್ಲಿ ಕೇಳಿದರು, ಆಕೆ ನಿಮ್ಮನ್ನು ಬೈದದ್ದು ನಿಜವೇ?

"ನಿಜ," ಅಂದ ದೆಂಬಾ. "ಹನ್ನೊಂದು ವರ್ಷದಿಂದ ಬೈತಾಳೆ."

ಸಾಹೇಬರು ಬರೆದುಕೊಳ್ಳತೊಡಗಿದರು.

"ಇದನ್ನೂ ಬರ್ಕೊಳ್ಳಿ ಅಂತ ಹೇಳಪ್ಪಾ ಟುಂಕಾರಾ," ಅಂದ ದೆಂಬಾ. "ನನ್ನ ಹೆಂಡ್ತಿ ಹೋದ ದಿನ ನಾನು ಅಳಲಿಲ್ಲ, ಮಾತಾಡ್ಲಿಲ್ಲ, ಕಲ್ಲಾಗಿ ಕೂತಿದ್ದೆ. ಮಕ್ಕಳು ಹೆದರಿಬಿಟ್ಟಿದ್ರು. ಇವಳು ಬಂದು ಹೊಸ್ತಿಲಿಗೆ ಅಡ್ಡ ಮಲಗಿದ್ಲು. 'ನನಗೊಂದು ಚೊಂಬು ಹಾಲು ಕೊಡೋ ತನಕ ಹೆಣ ದಾಟಿಸೋಕೆ ಬಿಡಲ್ಲ, ಜಿಪುಣ ಫುಲಾನಿ' ಅಂದ್ಲು. ನಾನು ನಕ್ಕುಬಿಟ್ಟೆ. ನಕ್ಕ ಮೇಲೇ ನನಗೆ ಅಳು ಬಂದಿದ್ದು. ಇವಳು ಆವತ್ತು ಬೈದಿರದಿದ್ರೆ ನಾನೂ ಹೆಂಡ್ತಿ ಹಿಂದೇನೇ ಹೋಗ್ತಿದ್ದೆ."

ಈ ಸಲ ನಾನು ಒಂದೊಂದು ಮಾತನ್ನೂ ಮೊಟ್ಟೆ ಹೊತ್ತ ಹಾಗೆ ಹೊತ್ತು ದಾಟಿಸಿದೆ. ಸಾಹೇಬರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮದ ಮನುಷ್ಯರು. ಕಾರ್ಡು ವಾಪಸು ಕೊಡುತ್ತೇನೆ, ಇನ್ನು ಮುಂದೆ ಆತನನ್ನು ಬೈಯುವುದಿಲ್ಲ ಅಂತ ರುಜು ಹಾಕಿಕೊಡಲಿ ಅಂದು ಒಂದು ಕಾಗದ ಬರೆಸಿದರು. ಅದನ್ನು ನಾನೇ ಅವಳಿಗೆ ಓದಿ ಹೇಳಿದೆ.

"ಆಗಲ್ಲ," ಅಂದಳು ಬಾತೋಮಾ. "ನಾನು ಬೈಯೋದು ನಿಲ್ಲಿಸಿದ್ರೆ ಜನ ಏನಂತಾರೆ? ಇವರಿಬ್ಬರಿಗೆ ಏನೋ ಆಗಿದೆ, ಮುರಿದು ಬಿದ್ದಿದೆ ಅಂತಾರೆ. ಇವನ ಮಕ್ಕಳಿಗೆ ಏನು ಹೇಳ್ಲಿ? ಜಾಲಂದ್ರ ಹೋದ್ರೆ ಹೋಗ್ಲಿ."

ಅಂದವಳೇ ಕಾಗದವನ್ನು ಮೇಜಿನ ಆಚೆಗೆ ತಳ್ಳಿದಳು.

ದೆಂಬಾ ಎದ್ದು ನಿಂತ. "ಬಾತೋಮಾ, ನಾನು ಫುಲಾನಿ ಕೇಳ್ತಾ ಇದೀನಿ. ರುಜು ಹಾಕು."

ಕೇಳಿದವನು ಫುಲಾನಿ. ಕಮ್ಮಾರರ ಮಗಳು ಹೇಗೆ ಇಲ್ಲ ಅಂದಾಳು? ಅವನ ಕಡೆ ನೋಡದೆ ರುಜು ಹಾಕಿದಳು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಊಟ ಸೇರುವುದಿಲ್ಲ. ಬಾತೋಮಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಒಳಗೂ ಬೈಯಲಿಲ್ಲ, ಸಂಜೆಯ ಬಸ್ಸಿನಲ್ಲೂ ಬೈಯಲಿಲ್ಲ. ದೆಂಬಾ ಎದುರಾದರೆ ತಲೆ ತಗ್ಗಿಸಿ, "ನಮಸ್ಕಾರ ಸಂಗಾರೆಯವರೇ, ಚೆನ್ನಾಗಿದೀರಾ?" ಅನ್ನುತ್ತಿದ್ದಳು. ಆ ಮರ್ಯಾದೆ ಕೇಳಿ ಅವನು ಸೊರಗಿದ. ಜನ ತಲೆ ಬಗ್ಗಿಸಿ ಉಂಡರು. ನನ್ನ ಪಕ್ಕ ಯಾರೂ ಕೂರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ರೇನು ಹನ್ನೆರಡನೇ ತುಂಡನ್ನು ನೆಲದಿಂದ ಎತ್ತಿತು. ಆರು ನೂರು ಜನ ಕತ್ತು ಎತ್ತಿ ನಿಂತಿದ್ದೆವು. ಬಾತೋಮಾಳ ಅಮ್ಮನನ್ನು ಒಳಗೆ ಬಿಟ್ಟಿರಲಿಲ್ಲ. ಮುದುಕಿ ರಸ್ತೆಯಾಚೆ ಬೇವಿನ ಮರದ ಕೆಳಗೆ ಕೂತು, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿತ್ತು. ತುಂಡು ತೂಗಿತು, ತಿರುಗಿತು, ಗಾಳಿಗೆ ಒಮ್ಮೆ ಹೊರಳಿತು. ಆಮೇಲೆ ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ ಕೂತಿತು. ಬಾತೋಮಾ ಮುಖವಾಡ ಇಳಿಸಿದಳು. ನೀಲಿ ಕಿಡಿ ಮಳೆಯಾಗಿ ಸುರಿಯಿತು. ನನಗೆ ಕುಣಿಯಬೇಕು ಅನ್ನಿಸಿತು, ಕುಣಿದೆ ಕೂಡ.

ಕಡೇ ಬೆಸುಗೆ ಮುಗಿಸಿ ಮುಖವಾಡ ಎತ್ತಿದವಳು ಮೂರನೇ ಮಹಡಿಯಿಂದ ಕೆಳಗೆ ನೋಡುತ್ತಾ ನಿಂತುಬಿಟ್ಟಳು. ಗೋಡೆ ಎಲ್ಲಿ ಮುಗಿಯುತ್ತದೆ, ರಸ್ತೆ ಎಲ್ಲಿ ಶುರುವಾಗುತ್ತದೆ, ಎಲ್ಲಾ ಅಲ್ಲಿಂದ ನಕ್ಷೆಯ ಹಾಗೆ ಕಾಣುತ್ತದೆ.

"ಟುಂಕಾರಾ," ಅಂತ ಕೂಗಿದಳು. "ಆ ಕಾಗದದಲ್ಲಿ ಎಲ್ಲೀ ತನಕ ಬೈಬಾರದು ಅಂತ ಬರೆದಿದಾರೆ?"

ಓದಿ ಹೇಳಿದವನು ನಾನೇ, ಆದರೂ ಹೊಳೆದಿರಲಿಲ್ಲ. "ಕಾಂಪೌಂಡಿನ ಒಳಗೆ ಅಂತ ಇದೆ ಅಕ್ಕ," ಅಂದೆ.

ಅವಳು ಏಣಿ ಇಳಿದ ವೇಗ ನೋಡಿದರೆ ಸುರಕ್ಷಾ ಅಧಿಕಾರಿ ಇನ್ನೊಂದು ವಿಚಾರಣೆ ಇಡಬೇಕಿತ್ತು. ಬಂದವಳೇ ದೆಂಬಾನ ಕೈ ಹಿಡಿದು ದರದರ ಎಳೆದುಕೊಂಡು ಗೇಟಿನತ್ತ ನಡೆದಳು. ಅವರ ಹಿಂದೆ ನಾನು, ನನ್ನ ಹಿಂದೆ ಇಡೀ ಕೆಲಸದ ಜನ. ಗೇಟಿನೊಳಗೆ ಬೇರೆ ದೇಶದ ಕಾನೂನು ಇರಬಹುದು, ಆಚೆಗಿನ ಕೆಂಪು ಧೂಳು ನಮ್ಮದು. ಆ ಧೂಳಿನ ಮೇಲೆ ಎರಡೂ ಕಾಲು ಊರಿ ಸೊಂಟಕ್ಕೆ ಕೈ ಕೊಟ್ಟಳು.

"ದನಗಳ್ಳ. ಹಾಲುಗಳ್ಳ. ಬೋಳು ಕರುವಿನ ಬಾಲ. ನಾಲ್ಕು ದಿನದಿಂದ ನಿನಗೆ ನಮಸ್ಕಾರ ಮಾಡಿ ಮಾಡಿ ನನ್ನ ನಾಲಿಗೆ ಕೊಳೆತುಹೋಯ್ತು. ನಿನ್ನನ್ನ ಕೊಂಡ ಗುದ್ದಲಿ ವಾಪಸು ಕೊಡು, ನಷ್ಟದ ವ್ಯಾಪಾರ ಅದು."

ಬೇವಿನ ಮರದ ಕೆಳಗಿಂದ ಮುದುಕಿಯೂ ಎದ್ದು ಬಂದು, "ನಾನೂ ಒಂದೆರಡು ಬೈತೀನಿ, ಜಾಗ ಬಿಡೇ," ಅಂತು. ಕೋಲ್ಟರ್ ಸಾಹೇಬರು ಗೇಟಿನ ಗೆರೆಯ ಮೇಲೆ ನಿಂತು, ಏನು ಹೇಳುತ್ತಿದ್ದಾರೆ ಅಂತ ನನ್ನನ್ನು ಕೇಳಿದರು. ನೂರು ವರ್ಷ ಬಾಳು ಅಂತ ಹರಸುತ್ತಿದ್ದಾರೆ ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಯಾವ ಮಾತನ್ನೂ ದಾಟಿಸಿಲ್ಲ.

ದೆಂಬಾ ಧೂಳಿನಲ್ಲೇ ಕೂತುಬಿಟ್ಟಿದ್ದ. ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು ಅವಳತ್ತ ಮುಖ ಎತ್ತಿದ.

"ಇಷ್ಟೇನಾ?" ಅಂದ. "ನಾಲ್ಕು ದಿನ ಉಪವಾಸ ಕೆಡವಿದೀಯ, ಇಷ್ಟಕ್ಕೆ ಹೊಟ್ಟೆ ತುಂಬುತ್ತಾ? ಮುಂದಕ್ಕೆ ಹೇಳು."