ವೈನಿ ಮುಖ ಎತ್ತಿಸಿಕೊಂಡರು

“ನಿಮ್ಮ ವೈನಿಗೆ ತಲಿ ಕೆಟ್ಟೈತಿ. ಲಗೂನ ಬಾ.”

ಬಬಲೇಶ್ವರದಿಂದ ಅಣ್ಣನ ಫೋನು. ನಾನು ಇಬ್ರಾಹಿಂಪುರದ ರೈಲ್ವೆ ಗೇಟಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡಿದ್ದೆ.

“ಏನಾತೋ ಅಣ್ಣಾ?”

“ಮಾರಿ ಎತ್ತಿಸ್ಕೋತಾಳಂತ, ಮಾರಿ! ಆಪರೇಷನ್ ಮಾಡಿಸಿ!”

ಫೇಸ್‌ಲಿಫ್ಟ್! ಸಿನಿಮಾದವರು ಮಾಡಿಸಿಕೊಳ್ಳುವುದಲ್ಲವೇ ಅದು? ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಶಕುಂತಲಾ, ಬಬಲೇಶ್ವರದಲ್ಲಿ ಸೀರೆ ಅಂಗಡಿ ನಡೆಸುವವರು. ಅರವತ್ತರ ಹತ್ತಿರ ಬಂದವರು. ಜನ ಏನಂದಾರು? ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದೇ ಅದು. (ಇದೇ ಅಣ್ಣ ಮೀಸೆಗೆ ಕಪ್ಪು ಬಣ್ಣ ಹಚ್ಚದೆ ಯಾವ ಮದುವೆಗೂ ಹೋಗುವುದಿಲ್ಲ. ಅದು ಬೇರೆ ಮಾತು.)

ಹೋದೆ. ವೈನಿ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದರು. ಹೋದ ವರ್ಷ ಜೋರು ಕಾಯಿಲೆ ಬಿದ್ದು ತೂಕ ಇಳಿದ ಮೇಲೆ ಅವರ ಕೆನ್ನೆ, ಗದ್ದ ಜೋತುಬಿದ್ದಿದ್ದವು. ತುಟಿಯ ಎರಡೂ ತುದಿ ಕೆಳಕ್ಕೆ.

“ಬಂದ ಗಿರಾಕಿ ಎಲ್ಲಾರೂ ಕೇಳ್ತಾರ, ಯಾಕ್ರಿ ಅಕ್ಕಾರ, ಆರಾಮಿಲ್ಲೇನು, ಮನ್ಯಾಗ ಜಗಳೇನು ಅಂತ. ನಾ ಆರಾಮ ಅದೀನಿ ಸಾವಿತ್ರಿ, ಖುಷೀಲೆ ಅದೀನಿ. ನನ್ನ ಮಾರಿಗಷ್ಟ ಅದು ಗೊತ್ತಿಲ್ಲ” ಎಂದರು.

ಬುದ್ಧಿ ಹೇಳಲು ಹೋದ ನಾನು ಮರುವಾರ ಅವರ ಜೊತೆ ವಿಜಯಪುರದ ಪ್ಲಾಸ್ಟಿಕ್ ಸರ್ಜನ್ ಎದುರು ಕೂತಿದ್ದೆ.

ಡಾಕ್ಟರು ನಮ್ಮ ಕಡೆಯವರೇ. ಕನ್ನಡಿ ಹಿಡಿದು ಬಿಡಿಸಿ ಹೇಳಿದರು. “ದಾರ ಹಾಕಿ ಎತ್ತೋದೊಂದೈತ್ರಿ, ಕೊಯ್ಯಂಗಿಲ್ಲ, ಆದ್ರ ಭಾಳ ದಿನ ನಿಲ್ಲಂಗಿಲ್ಲ. ಮಿನಿ ಲಿಫ್ಟ್ ಅಂದ್ರ ಕಿವಿ ಹತ್ರ ಸಣ್ಣದಾಗಿ ಕೊಯ್ಯೋದು. ಸ್ವಲ್ಪ ಇಳಿದವರಿಗೆ ಅದು ಸಾಕು. ನಿಮಗ ಗದ್ದ, ಕುತ್ತಿಗಿ ಎರಡೂ ಇಳದಾವ, ಪೂರ್ತಿ ಲಿಫ್ಟೇ ಬೇಕು.”

“ಬರೇ ಚರ್ಮ ಜಗ್ಗಿ ಹೊಲದ್ರ?” ವೈನಿಯ ಪ್ರಶ್ನೆ.

“ಹಿಂದ ಹಂಗ ಮಾಡ್ತಿದ್ರು. ಮಾರಿ ಬಿಗದಂಗ ಕಾಣ್ತೈತಿ, ಮತ್ತ ಲಗೂನ ಸಡಿಲಾಕ್ಕೈತಿ. ಚರ್ಮದ ಕೆಳಗ ಇನ್ನೊಂದು ಪದರ ಐತಿ. ಈಗ ಅದನ್ನ ಎತ್ತಿ ಹೊಲೀತೀವಿ. ಇಲ್ಲಾ, ಆ ಪದರದ ಕೆಳಗ ಹೋಗಿ ಚರ್ಮ, ಪದರ ಎರಡೂ ಕೂಡೇ ಎತ್ತತೀವಿ. ಅದಕ್ಕ ಡೀಪ್ ಪ್ಲೇನ್ ಅಂತಾರ. ಗಾಯದ ಗೆರಿ ಕಿವಿ ಹಿಂದ, ಕೂದಲದಾಗ ಮುಚ್ಚಿ ಹೋಗ್ತೈತಿ.”

“ತಿಳೀತು ಬಿಡ್ರಿ. ಸೀರಿ ಅಷ್ಟ ಬಿಗಿ ಉಟ್ರ ನಿಲ್ಲಂಗಿಲ್ಲ. ಒಳಗಿನ ಪರಕಾರದ ಲಾಡೀನೂ ಬಿಗಿ ಇರಬೇಕು.”

ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಅಪಾಯವನ್ನೂ ಹೇಳಿದರು. ಒಳಗೆ ರಕ್ತ ಕೂಡಬಹುದು. ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟಾಗಬಹುದು. ಏನೇ ಮಾಡಿಸಿಕೊಂಡರೂ ವಯಸ್ಸಂತೂ ನಿಲ್ಲುವುದಿಲ್ಲ.

“ತಂಬಾಕು ಏನರ?”

ವೈನಿ ನೆಲ ನೋಡಿದರು. ಮಿಶ್ರಿ! ಹುರಿದ ತಂಬಾಕಿನ ಆ ಕಪ್ಪು ಪುಡಿಯಿಂದ ಹಲ್ಲುಜ್ಜದೆ ಅವರಿಗೆ ಬೆಳಗೇ ಆಗುವುದಿಲ್ಲ.

“ಅದನ್ನ ಬಿಡೋತನಕ ನಾ ಕೈ ಹಚ್ಚಂಗಿಲ್ರಿ. ಗಾಯ ಮಾಯಂಗಿಲ್ಲ, ಚರ್ಮ ಸಾಯ್ತೈತಿ.”

ಮದುವೆಯಾಗಿ ಬಂದಾಗಿನಿಂದ ಇದ್ದ ಚಟ. ಬಿಡುವಾಗ ವೈನಿ ಅಣ್ಣನಿಗೆ ಬೈದರು, ಗಿರಾಕಿಗಳಿಗೆ ಬೈದರು, ನನಗೂ ಬೈದರು. ಲವಂಗ ಅಗಿದರು. ಒಂದು ದಿನ ಅಡುಗೆಮನೆಯಲ್ಲಿ ಕೂತು ಅತ್ತರು. ಆದರೆ ಬಿಟ್ಟರು! ಕಾಯಿಲೆ ಬಿದ್ದಾಗ ಎಷ್ಟು ಡಾಕ್ಟರು ಹೇಳಿದ್ದರೂ ಬಿಟ್ಟಿರಲಿಲ್ಲ.

ಆಪರೇಷನ್ ದಿನ ಥಿಯೇಟರ್ ಹೊರಗೆ ಅಣ್ಣ ಒಂದೇ ಸಮ ಓಡಾಡುತ್ತಿದ್ದ. “ಜನ ಏನರ ಅನ್ಲಿ ಬಿಡೋ” ಎಂದೆ.

“ಜನ್ರದ್ದಲ್ಲ ಸಾವಿತ್ರಿ. ಹೋದ ವರ್ಷ ಐಸಿಯು ಹೊರಗ ಹಿಂಗ ನಿಂತಿದ್ದೆ. ಆರಾಮಾಗಿ ಬಂದಾಕಿ ಮತ್ತ ತಾನಾಗೇ ಒಳಗ ಹೋಗ್ಯಾಳ” ಎಂದು ಗೋಡೆ ಕಡೆ ತಿರುಗಿಕೊಂಡ.

ಅಷ್ಟು ದಿನದ ಅವನ ಕೂಗಾಟದ ಅರ್ಥ ನನಗೆ ಆಗ ಆಯಿತು.

ಬ್ಯಾಂಡೇಜ್ ಬಿಚ್ಚಿದಾಗ ಮುಖ ಊದಿಕೊಂಡು ಅಲ್ಲಲ್ಲಿ ನೀಲಿಗಟ್ಟಿತ್ತು. ವೈನಿ ಕನ್ನಡಿ ನೋಡಿ ಗಾಬರಿಯಾದರು. “ತಪ್ಪು ಮಾಡಿದ್ನೇನ?” ಸಮಾಧಾನ ಮಾಡಿದ್ದು ಯಾರು? ಅಣ್ಣ! “ಇಳೀತೈತಿ ಅಂತ ಡಾಕ್ಟರ್ ಹೇಳ್ಯಾರಲ್ಲ. ಮೊದ್ಲ ಗಂಜಿ ಕುಡಿ” ಎಂದು ಚಮಚ ಹಿಡಿದು ಕೂತ.

ಊತ ನಿಧಾನಕ್ಕೆ ಇಳಿಯಿತು. ವೈನಿ ಹುಡುಗಿಯಾಗಿಲ್ಲ. ಕಣ್ಣಿನ ಸುತ್ತ ಸುಕ್ಕುಗಳು ಹಾಗೇ ಇವೆ. ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಮುಖ ಅದು.

ಮೊನ್ನೆ ಘೋಣಸಗಿಯಿಂದ ನಮ್ಮವ್ವ ಬಂದಿದ್ದಳು. ಎಂಬತ್ತು ದಾಟಿದವಳು. ಅವಳಿಗೆ ಯಾರೂ ಹೇಳಿರಲಿಲ್ಲ. ಸೊಸೆಯನ್ನು ಬಹಳ ಹೊತ್ತು ನೋಡಿದಳು. ವೈನಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದರು. ಅಣ್ಣ, ನಾನು ಬಾಗಿಲಲ್ಲೇ ನಿಂತೆವು.

ಅವ್ವ ಸೊಸೆಯ ಕಿವಿಯ ಹಿಂದಿನ ಗೆರೆಯ ಮೇಲೆ ಬೆರಳಾಡಿಸಿದಳು. “ಭಾಳ ಬ್ಯಾನಿ ಆತೇನವಾ?”

“ಆತ್ರಿ ಅತ್ತಿ.”

“ಈಗ?”

“ಈಗಿಲ್ರಿ.”

“ಚೊಲೊ ಆತು ಬಿಡು. ಚಾ ಇಡು.”

ಶಾಲೆಯ ಮೆಟ್ಟಿಲೇ ಹತ್ತದ ಅವ್ವ ಮೊದಲು ನೋವಿನ ಬಗ್ಗೆ ಕೇಳಿದಳು. ನಾವೆಲ್ಲ ಮೊದಲು ಜನರ ಬಗ್ಗೆಯೇ ಯಾಕೆ ಕೇಳುತ್ತೇವೆ?